ಕರುಳಿಗೆ ಮೂತ್ರಪಿಂಡದ ಚೀಟಿ

ಜೀವಶಾಸ್ತ್ರದ ಪ್ರಯೋಗಾಲಯದ ಅಟೆಂಡರನಿಗೆ ಶುಚಿತ್ವದ ಹುಚ್ಚು ಹಿಡಿಯುವುದು ವರ್ಷಕ್ಕೊಮ್ಮೆ. ಈ ಸಲ ಅದು ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆಯೇ ಹಿಡಿಯಿತು. ಅಂಗಗಳ ಒಳಪದರವಾದ ಅನುಲೇಪಕ ಅಂಗಾಂಶದ ನಾಲ್ಕು ಗಾಜಿನ ಸ್ಲೈಡುಗಳನ್ನು ಬಿಸಿನೀರಿಗೆ ಹಾಕಿ ಟೀ ಕುಡಿದು ಬರುವಷ್ಟರಲ್ಲಿ ಹೆಸರಿನ ಚೀಟಿಗಳು ಮೀನಿನ ಮರಿಗಳಂತೆ ತೇಲಾಡುತ್ತಿದ್ದವು.

ಅವನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಬಾಯಿ ಯಾವುದು, ಮೂತ್ರಪಿಂಡ ಯಾವುದು, ಕರುಳು ಯಾವುದು, ಶ್ವಾಸನಾಳ ಯಾವುದು? ಬರಿಗಣ್ಣಿಗೆ ನಾಲ್ಕೂ ಒಂದೇ ಗುಲಾಬಿ ಕಲೆ. ಹನ್ನೊಂದಕ್ಕೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಪಾಠ ಮಾಡುವ ಮೇಡಂಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರ.

ಲೈಬ್ರರಿಯ ಅಕ್ಕನನ್ನು ಕಾಡಿ ಬೇಡಿ ಪುಸ್ತಕದ ಸಮೇತ ಕರೆತಂದ. ವಾಚ್‌ಮನ್ ಮಾತ್ರ ಯಾರೂ ಕರೆಯದೆ ಬಂದ.

"ಸರೀರಿ, ನಾನ್ ನೋಡ್ತೀನಿ," ಎಂದು ವಾಚ್‌ಮನ್ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿಯೇಬಿಟ್ಟ. "ಕೂದ್ಲು ಕಾಣ್ತಿದೆ!"

"ಕೂದಲಿದ್ರೆ ಶ್ವಾಸನಾಳ," ಅಕ್ಕ ಪುಸ್ತಕ ನೋಡಿದಳು. "ಧೂಳು, ಕಫ ಆಚೆ ತಳ್ಳೋಕಂತೆ."

ಎರಡನೆಯದರಲ್ಲೂ ಕೂದಲು. ಮೂರು, ನಾಲ್ಕರಲ್ಲೂ ಕೂದಲು.

"ಒಬ್ಬ ಮನುಷ್ಯಂಗೆ ಎಷ್ಟು ಶ್ವಾಸನಾಳ ಅಕ್ಕಾ?" ಅಟೆಂಡರ್ ಬೆವರೊರೆಸಿಕೊಂಡ.

"ಅಯ್ಯೋ, ಅದು ಅವನ ಕಣ್ಣಿನ ರೆಪ್ಪೆ ಕಣೋ! ಅವನನ್ನ ಮೊದ್ಲು ಎಬ್ಬಿಸು!"

ಕೊನೆಗೆ ಅಟೆಂಡರನೇ ಕೂತ. ಚಪ್ಪಡಿ ಹಾಸಿದಂತಿದ್ದದ್ದು ಬಾಯಿಯ ಒಳಪದರ. ಸಕ್ಕರೆಯ ಚೌಕಗಳನ್ನು ಜೋಡಿಸಿದಂತಿದ್ದದ್ದು ಮೂತ್ರಪಿಂಡದ ನಳಿಕೆ. ಕಂಬಗಳ ಸಾಲು ಕರುಳು. ನಿಜವಾಗಿಯೂ ಕೂದಲಿದ್ದದ್ದು ಶ್ವಾಸನಾಳ. ಮೂರು ಸಲ ಪುಸ್ತಕದೊಂದಿಗೆ ತಾಳೆ ನೋಡಿ ಚೀಟಿ ಅಂಟಿಸಿದ. ಮಕ್ಕಳಿಗೆ ಹೆಸರು ಕಾಣದಂತೆ ಮೇಲೆ ಅಂಕಿ ಅಂಟಿಸಿದ. ಜೀವನದಲ್ಲಿ ಯಾವ ಕೆಲಸವನ್ನೂ ಅವನು ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ.

ಪರೀಕ್ಷಕರು ಕಣ್ಣಿನ ಪೊರೆ ತೆಗೆಸಿಕೊಂಡು ವಾರವಾಗಿತ್ತು. ಸೂಕ್ಷ್ಮದರ್ಶಕದ ಹತ್ತಿರಕ್ಕೂ ಹೋಗದೆ, ಅಂಕಿ ಕೀಳಿಸಿ ಚೀಟಿಯ ಹೆಸರುಗಳನ್ನು ಓದಿಸಿಕೊಂಡು ಉತ್ತರ ತಿದ್ದಿದರು. ನಾಲ್ಕು ಗಂಟೆಗೆ ಮೇಡಂಗೆ ಕರೆ ಹೋಯಿತು.

"ಏನಮ್ಮಾ ಇದು? ಮೂವತ್ತೊಂದು ಮಕ್ಕಳೂ ಮೂತ್ರಪಿಂಡಕ್ಕೆ ಕರುಳು, ಕರುಳಿಗೆ ಮೂತ್ರಪಿಂಡ ಅಂತ ಬರ್ದಿದಾರೆ! ಸಾಮೂಹಿಕ ನಕಲು ಅಂತ ವರದಿ ಮಾಡ್ತೀನಿ."

ಮೇಡಂ ಅಟೆಂಡರನತ್ತ ತಿರುಗಿದರು. "ಚೀಟಿ ಮುಟ್ಟಿದ್ರಾ?"

ಅವನು ಅವರನ್ನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಒಪ್ಪಿಕೊಂಡ. "ಆದ್ರೆ ಸರಿಯಾಗೇ ಅಂಟ್ಸಿದೀನಿ ಮೇಡಂ," ಎಂದು ಪುಸ್ತಕ ಬಿಚ್ಚಿಟ್ಟ.

ಮೇಡಂ ಸೂಕ್ಷ್ಮದರ್ಶಕ ನೋಡಿದರು. ಪುಸ್ತಕ ನೋಡಿದರು. ಮತ್ತೆ ಸೂಕ್ಷ್ಮದರ್ಶಕ ನೋಡಿದರು. "ಹಾಗಾದ್ರೆ ಹಳೇ ಚೀಟಿನೇ ತಪ್ಪು... ಏಳು ವರ್ಷದಿಂದ ನಾನು ಅದನ್ನೇ ಪಾಠ..." ಅಷ್ಟಕ್ಕೇ ನಿಲ್ಲಿಸಿದರು. ಪುಸ್ತಕ ಮುಚ್ಚಿದರು.

ಆಮೇಲೆ ಸೆರಗು ಸರಿಮಾಡಿಕೊಂಡು ಪರೀಕ್ಷಕರ ಮುಂದೆ ನಿಂತರು. "ತಪ್ಪು ಮಕ್ಕಳದ್ದಲ್ಲ ಸರ್. ನಮ್ಮ ಅಟೆಂಡರ್ ಚೀಟಿ ಅದಲುಬದಲು ಮಾಡಿದಾರೆ."

ಪರೀಕ್ಷಕರಿಗೂ ಮನೆ ಸೇರುವ ಆತುರವಿತ್ತು. ಮೂವತ್ತೊಂದು ಮಕ್ಕಳಿಗೂ ಪೂರ್ತಿ ಅಂಕ ಬಿತ್ತು.

"ಮಕ್ಕಳ ಭವಿಷ್ಯದ ವಿಷಯ," ಮೇಡಂ ಮೆಲ್ಲಗೆ ಕಾಗದ ಮುಂದಿಟ್ಟರು. "ಒಂದೆರಡು ಸಾಲು ಬರ್ಕೊಟ್ಬಿಡಿ."

ಆ ವರ್ಷ ತಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸಕ್ಕೆ ಅಟೆಂಡರ್ ದುಂಡಗಿನ ಅಕ್ಷರದಲ್ಲಿ ಕ್ಷಮಾಪಣೆ ಬರೆದು ಸಹಿ ಹಾಕಿದ.