ಬೆರಳು ತೋರಿಸಿ ಹೇಳಿದ ಹರಕೆ

ಒಬ್ಬೊಬ್ಬರಿಗೆ ಒಂದೊಂದು ಚಟ. ನಮ್ಮ ಅತ್ತೆಗೆ ಎಲೆಯಡಿಕೆ. ನಮ್ಮ ಮನೆಯವರಿಗೆ ಬೆಳಗ್ಗೆ ಪೇಪರು ಬಂದ ಕೂಡಲೇ ಯಾರು ತೀರಿಕೊಂಡರು ಎಂದು ನೋಡುವುದು. ನನಗೆ ಹರಕೆ ಹೇಳುವುದು. ಇದನ್ನು ಚಟ ಎಂದು ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಬೇರೆ ಶಬ್ದ ಸಿಗುವುದಿಲ್ಲ. ಕಡಬದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದರೆ ದೇವಿಗೆ ಒಂದು ಮೊಳ ಮಲ್ಲಿಗೆ. ನೆಂಟರು ಹೊರಡುವವರೆಗೆ ಗ್ಯಾಸ್ ಮುಗಿಯದಿದ್ದರೆ ಗಣಪತಿಗೆ ಒಂದು ತೆಂಗಿನಕಾಯಿ. ಕಿವಿಯೋಲೆಯ ತಿರುಪು ಕಳೆದುಹೋದರೆ, ಕಳೆದದ್ದನ್ನು ಹುಡುಕಿಕೊಡುವ ಅಜ್ಜ ದೈವಕ್ಕೆ ಒಂದು ಪ್ಯಾಕೆಟ್ ಚಕ್ಕುಲಿ. ದೊಡ್ಡ ದೊಡ್ಡ ವಿಷಯ ಕೇಳಿ ದೇವರಿಗೆ ತೊಂದರೆ ಕೊಡಬಾರದು ಎಂದು ನನ್ನ ಅಭಿಪ್ರಾಯ. ಅದಕ್ಕೆ ಬೇರೆ ಜನ ಇದ್ದಾರೆ. ಸಣ್ಣದನ್ನು ಕೇಳಿದರೆ ದೇವರೂ ಬೇಗ ಕೊಡುತ್ತಾನೆ, ನಾವೂ ಬೇಗ ತೀರಿಸಬಹುದು. ಇಷ್ಟು ವರ್ಷ ಈ ವ್ಯವಹಾರದಲ್ಲಿ ನಮ್ಮಿಬ್ಬರಿಗೂ ದೂರು ಇರಲಿಲ್ಲ. ನಾನು ಒಂದೇ ಒಂದು ಸಲ ಎಡವಿದ್ದು ದೀಪಾವಳಿಯ ಮರುವಾರ, ದನದ ಹಟ್ಟಿಯಲ್ಲಿ.

ನಮ್ಮ ಗಂಗೆ ಎಂಬ ದನ ಕರು ಹಾಕಲು ಕಷ್ಟಪಡುತ್ತಿತ್ತು. ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಡಾಕ್ಟರಿಗೆ ಫೋನು ಮಾಡಿದರೆ, ಇನ್ನೊಂದು ಮನೆಯ ಹಟ್ಟಿಯಲ್ಲಿದ್ದೇನೆ, ಮುಗಿಸಿ ಬರುತ್ತೇನೆ ಎಂದರು. ಅತ್ತೆ ದನದ ಬೆನ್ನು ಸವರುತ್ತಾ ನಿಂತಿದ್ದರು. ಗಂಗೆ ಕತ್ತು ತಿರುಗಿಸಿ ನನ್ನ ಮುಖವನ್ನೇ ನೋಡಿತು. ಆ ಹೊತ್ತಿನಲ್ಲಿ ತೆಂಗಿನಕಾಯಿ, ಮಲ್ಲಿಗೆ ಎಲ್ಲ ಸಾಲುವುದಿಲ್ಲ ಎಂದು ಅನಿಸಿತು. ತಲೆಯೆತ್ತಿದೆ. ಎದುರಿಗೆ ಬೈಹುಲ್ಲಿನ ರಾಶಿಯ ಮೇಲೆ ಒಂದು ಕೋಳಿಮರಿ ನಿಂತಿತ್ತು. ಕೆಂಪು ಹುಂಜ, ಎರಡು ತಿಂಗಳಿನದ್ದು, ಬಾಲವೂ ಸರಿಯಾಗಿ ಮೂಡಿರಲಿಲ್ಲ. ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ನಾನು ಅದರ ಕಡೆ ಬೆರಳು ಚಾಚಿ, "ಕಲ್ಲುರ್ಟಿ ತಾಯೇ, ಗಂಗೆಯನ್ನು ಉಳಿಸಿಕೊಡು. ಅಗೆಲಿಗೆ ಈ ಕೋಳಿಯನ್ನೇ ಕೊಡ್ತೇನೆ" ಎಂದುಬಿಟ್ಟೆ. ಕಲ್ಲುರ್ಟಿ ನಮ್ಮ ಮನೆಯ ದೈವ. ವರ್ಷಕ್ಕೊಮ್ಮೆ ಅನ್ನ, ರೊಟ್ಟಿ, ಕೋಳಿ ಪದಾರ್ಥ ಮಾಡಿ ಬಾಳೆ ಎಲೆಯಲ್ಲಿ ಅವಳ ಮುಂದೆ ಬಡಿಸಿ, ಆಮೇಲೆ ಮನೆಮಂದಿ ಕೂತು ಉಣ್ಣುವುದಕ್ಕೆ ಅಗೆಲು ಎನ್ನುತ್ತೇವೆ.

ಕಾಲು ಗಂಟೆಯೊಳಗೆ ಕರು ಹೊರಗೆ ಬಂತು. ಹೆಣ್ಣು ಕರು. ಡಾಕ್ಟರು ಬರುವಾಗ ಅದು ಎದ್ದು ನಿಲ್ಲಲು ನೋಡುತ್ತಿತ್ತು. ಅವರು ಸಾಬೂನು ಹಾಕಿ ಕೈ ತೊಳೆದು, ಚಾ ಕುಡಿದು ಹೋದರು.

ಅವರು ಗೇಟು ದಾಟಿದ ಮೇಲೆ ಅತ್ತೆ ಎಲೆಗೆ ಸುಣ್ಣ ಸವರುತ್ತಾ, "ಹರಕೆ ಹೇಳಿದ್ದು ಒಳ್ಳೆದಾಯ್ತು. ಬೆರಳು ತೋರಿಸಿದ್ದು ಎಂತಕ್ಕೆ?" ಎಂದರು.

"ಎಂತಾಯ್ತು ಅತ್ತೆ?"

"ಒಂದು ಕೋಳಿ ಅಂತ ಹೇಳಿದ್ರೆ ಸಾಕಿತ್ತು. ಯಾವುದಾದ್ರೂ ಕೊಡ್ಬಹುದಿತ್ತು. ಈಗ ಅದನ್ನೇ ಕೊಡ್ಬೇಕು. ಜವಳಿ ಅಂಗಡಿಯಲ್ಲಿ ಸೀರೆ ತೋರಿಸಿದ ಹಾಗೆ ತೋರಿಸಿದ್ದೀಯಲ್ಲ. ಅಗೆಲಿಗೆ ಇನ್ನೂ ಏಳು ತಿಂಗಳುಂಟು. ಇನ್ನು ಕಾಯುದು ನಿನ್ನ ಕೆಲಸ."

ಏಳು ತಿಂಗಳು ಒಂದು ಕೋಳಿಯನ್ನು ಜೀವಸಹಿತ ಉಳಿಸಿಕೊಳ್ಳುವುದು ಎಂದರೆ ಏನು ಎಂದು ಕೋಳಿ ಸಾಕಿದವರಿಗೆ ಮಾತ್ರ ಗೊತ್ತು. ಮೇಲಿನಿಂದ ಗಿಡುಗ, ಕೆಳಗಿನಿಂದ ಮುಂಗುಸಿ, ರಸ್ತೆಯಲ್ಲಿ ಜೀಪು, ಪಕ್ಕದಲ್ಲಿ ನಾಯಿ. ಬೇಸಗೆಗೆ ಬರುವ ಕೋಳಿ ರೋಗ ಬೇರೆ. ನಾನು ದಿನಾ ಸಂಜೆ ಗೂಡಿನ ಬಾಗಿಲಲ್ಲಿ ಕೂತು ಅದು ಒಳಗೆ ಹೋದದ್ದನ್ನು ನೋಡಿಯೇ ದೇವರ ದೀಪ ಹಚ್ಚುತ್ತಿದ್ದೆ. ಉಳಿದ ಕೋಳಿಗಳಿಗೆ ತೌಡು, ಇದಕ್ಕೆ ಅಕ್ಕಿನುಚ್ಚು. ಇನ್ನೊಬ್ಬರಿಗೆ ಸೇರಬೇಕಾದ ವಸ್ತುವನ್ನು ಬಡಕಲು ಮಾಡಿ ಕೊಡುವುದು ಸರಿಯಲ್ಲವಷ್ಟೆ.

ಕೋಳಿಗೆ ಬುದ್ಧಿ ಇಲ್ಲ ಎನ್ನುತ್ತಾರೆ. ತನಗೆ ಈ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ ಎಂಬುದು ಅದಕ್ಕೆ ಒಂದೇ ತಿಂಗಳಲ್ಲಿ ತಿಳಿಯಿತು. ಮೊದಲು ಜಗಲಿಗೆ ಬಂತು. ಆಮೇಲೆ ಅಡುಗೆಮನೆಗೆ ಬಂತು. ಸೊಪ್ಪು ಹೆಚ್ಚುವಾಗ ಪಕ್ಕದಲ್ಲಿ ನಿಂತು ಉಸ್ತುವಾರಿ ಮಾಡತೊಡಗಿತು. ಒಂದು ದಿನ ನಮ್ಮ ಮನೆಯವರು ಕೈಕಾಲು ತೊಳೆಯಲು ಎದ್ದವರು ವಾಪಸು ಬಂದು ನೋಡಿದರೆ ಅವರ ಕುರ್ಚಿಯಲ್ಲಿ ಅದು ಕೂತಿದೆ. ಇವರು ಪೇಪರು ಸುರುಳಿ ಸುತ್ತಿ ಎತ್ತಿದರು. ಒಳಗಿನಿಂದ ಅತ್ತೆ, "ದೈವದ್ದು" ಎಂದರು. ಅಷ್ಟೇ. ಪೇಪರು ಕೆಳಗೆ ಬಂತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವರು ಯಾರಿಗಾದರೂ ಆ ಕುರ್ಚಿ ಬಿಟ್ಟುಕೊಟ್ಟದ್ದನ್ನು ನಾನು ನೋಡಿಲ್ಲ. ಅವತ್ತು ಮೆಟ್ಟಿಲಲ್ಲಿ ಕೂತು ಯಾರು ತೀರಿಕೊಂಡರು ಎಂದು ಓದಿದರು.

ಬೇಲಿಯ ಆಚೆ ಐಸಮ್ಮನ ಮನೆ. ಅವರ ಅಜ್ಜನ ಕಾಲದಿಂದಲೂ ನಾವು ನೆರೆಯವರು. ಅವರು ರೊಟ್ಟಿಗೆಂದು ಅಂಗಳದಲ್ಲಿ ಒಣಹಾಕಿದ ಅಕ್ಕಿಯನ್ನು ನಮ್ಮ ಹುಂಜ ದಿನಾ ಹೋಗಿ ತಿನ್ನತೊಡಗಿದಾಗ ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು. ಒಂದು ಸೇರು ಅಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕ್ಷಮೆ ಕೇಳಿದೆ.

"ಅಕ್ಕಿ ವಾಪಸು ತಕೊಂಡು ಹೋಗಿ ಅಕ್ಕಾ" ಎಂದರು ಐಸಮ್ಮ. "ನಿಮ್ಮ ದೈವದ್ದಲ್ವಾ, ನಾನು ಎಂತ ಹೇಳುದು? ಆದ್ರೆ ಸ್ವಲ್ಪ ಮರ್ಯಾದೆ ಕಲಿಸ್ಲಿಕ್ಕೆ ದೈವಕ್ಕೇ ಹೇಳಿ. ನಿನ್ನೆ ನಮ್ಮ ಹೇಂಟೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ತಕೊಳ್ತಾ ಇತ್ತು."

ಅವರೇ ಅದಕ್ಕೆ ಗುರಿಕಾರ ಎಂದು ಹೆಸರಿಟ್ಟದ್ದು. ಊರಿನ ದೈವದ ಕೆಲಸಕ್ಕೆಲ್ಲ ಯಜಮಾನಿಕೆ ಮಾಡುವವರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬೇಲಿಯ ಆಚೆಯಿಂದ, "ಅಕ್ಕಾ, ನಿಮ್ಮ ಗುರಿಕಾರ್ರು ಬಂದಿದ್ದಾರೆ, ಚಾ ಕೊಟ್ಟು ಕಳಿಸ್ತೇನೆ" ಎಂದು ಕೂಗುವರು. ಅತ್ತೆಗೆ ಇದು ಹಿಡಿಸಲಿಲ್ಲ. ಕೊಡಬೇಕಾದದ್ದಕ್ಕೆ ಹೆಸರಿಡಬಾರದು, ಹೆಸರಿಟ್ಟರೆ ಕೈ ಬರುವುದಿಲ್ಲ ಎಂದು ಅವರ ಮಾತು. ಆಗ ನಾನು ಅದನ್ನು ಮೂಢನಂಬಿಕೆ ಎಂದುಕೊಂಡೆ.

ಚೈತ್ರದ ಹೊತ್ತಿಗೆ ಗುರಿಕಾರನ ಬಾಲ ಬಿಲ್ಲಿನ ಹಾಗೆ ಬಾಗಿತ್ತು. ನಾನು ಹಟ್ಟಿಗೆ ಹೋದರೆ ಹಿಂದೆಯೇ ಬರುತ್ತಿತ್ತು. ಗಂಗೆಯ ಕರುವಿನ ಬೆನ್ನ ಮೇಲೆ ಹತ್ತಿ ನಿಲ್ಲುತ್ತಿತ್ತು. ಸಂಜೆ ನಾನು ಭಜನೆ ಹೇಳುವಾಗ ದೇವರ ಕೋಣೆಯ ಹೊಸಿಲ ಹತ್ತಿರ ಬಂದು ಕಣ್ಣು ಮುಚ್ಚಿ ಕೂರುತ್ತಿತ್ತು. ಅದರ ಭಕ್ತಿ ನೋಡಿ ಎಂದು ನಾನು ಇವರಿಗೆ ತೋರಿಸಿದೆ. "ಭಕ್ತಿ ಅಲ್ಲ ಮಾರಾಯ್ತಿ, ನಿದ್ದೆ. ನಿನ್ನ ಭಜನೆಗೆ ನನಗೂ ಬರ್ತದೆ" ಎಂದರು.

ಮೇ ತಿಂಗಳು ಬಂತು. ಪತ್ತನಾಜೆ ಕಳೆದರೆ ಆ ವರ್ಷದ ದೈವದ ಕಾರ್ಯಗಳಿಗೆಲ್ಲ ವಿರಾಮ; ಅದಕ್ಕೆ ಮೊದಲೇ ಒಂದು ದಿನ ಅಗೆಲು ಎಂದು ನಿಶ್ಚಯವಾಯಿತು. ಹಿಂದಿನ ದಿನವೇ ಕಡಬದಿಂದ ಮೈದುನ ಜಯಂತ ಬಾಳೆ ಎಲೆ ಹೊತ್ತುಕೊಂಡು ಬಂದ. ಅವನಿಗೆ ಕೋಳಿಗಳನ್ನು ಕಾಳಗಕ್ಕೆ ಬಿಡುವ ಅಂಕದ ಹುಚ್ಚು ಉಂಟು. ಬಂದವನೇ ಗುರಿಕಾರನನ್ನು ಎತ್ತಿ ಕಾಲು ಹಿಚುಕಿ, ಎದೆ ಮುಟ್ಟಿ, ರೆಕ್ಕೆ ಬಿಡಿಸಿ ನೋಡಿದ. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ನೋಡುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ನಾನು ಅಂಗಳಕ್ಕೆ ಬಂದರೆ ಗುರಿಕಾರ ಇಲ್ಲ.

ಹಟ್ಟಿಯಲ್ಲಿ ಇಲ್ಲ. ಕುರ್ಚಿಯಲ್ಲಿ ಇಲ್ಲ. ಐಸಮ್ಮನ ಮನೆಗೆ ಓಡಿದೆ, ಬೀಗ ಹಾಕಿತ್ತು. ಬೆಳಗ್ಗೆ ಅವರ ಮನೆಗೆ ನೆಂಟರ ಜೀಪು ಬಂದದ್ದು ನೋಡಿದ್ದೆ. ಫೋನು ಮಾಡಿದರೆ ಎತ್ತುವವರಿಲ್ಲ. ತೋಡಿನ ಬದಿ, ಗೇರು ಗುಡ್ಡೆ, ರಸ್ತೆಯ ತಿರುವಿನವರೆಗೆ "ಬಾ ಬಾ" ಎಂದು ಕೂಗುತ್ತಾ ಹೋಗಿ ಬಂದೆ. ಒಂದು ಗರಿಯೂ ಸಿಗಲಿಲ್ಲ. ಕೊನೆಗೆ ಜಗಲಿಯಲ್ಲಿ ಮಲಗಿದ್ದ ಜಯಂತನ ಎದುರು ಬಂದು ನಿಂತೆ.

"ಕೋಳಿ ಎಲ್ಲಿ?"

"ನನ್ನತ್ರ ಕೇಳಿದ್ರೆ?"

"ನೀನು ಕಾಲು ಮುಟ್ಟಿ ನೋಡಿದ್ದು ನಾನು ನೋಡಿದ್ದೇನೆ. ಯಾರಿಗೆ ಕೊಟ್ಟೆ?"

ಅವನು ಎದ್ದು ಕೂತ. "ಅತ್ತಿಗೆ, ನಾನು ಕಳ್ಳ ಅಂತ ಹೇಳಿ, ಬೇಜಾರಿಲ್ಲ. ಆ ಕೋಳಿಯನ್ನು ಅಂಕಕ್ಕೆ ಕೊಂಡೋಗಿದ್ದೇನೆ ಅಂತ ಮಾತ್ರ ಹೇಳ್ಬೇಡಿ. ಊರಲ್ಲಿ ನನಗೊಂದು ಮರ್ಯಾದೆ ಉಂಟು. ಅದು ನುಚ್ಚು ತಿಂದು ತಿಂದು ಗಣಪತಿ ಆಗಿದೆ. ಜಗಳಕ್ಕೆ ಬಿಟ್ರೆ ಎದುರಿನ ಕೋಳಿಯ ಹತ್ರ ಕುರ್ಚಿ ಕೇಳ್ತದೆ."

ಇವರು, ಒಳ್ಳೆಯ ಊರಕೋಳಿ ಒಂದನ್ನು ಪೇಟೆಯಿಂದ ತಂದು ಕೊಡುವ ಎಂದರು. ಅತ್ತೆ ಒಪ್ಪಲಿಲ್ಲ. "ಬೆರಳು ತೋರಿಸಿದ್ದು ಆ ಕೋಳಿಗೇ. ಬೇರೆ ಕೊಟ್ರೆ ಬಾಕಿ ಬಾಕಿಯೇ. ನಾಳೆ ಕರುವಿಗೆ ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು. ಹಟ್ಟಿಯಲ್ಲಿ ಕರು ಅದೇ ಹೊತ್ತಿಗೆ ಕೆಮ್ಮಿತು.

ದೇವರ ಕೋಣೆಗೆ ಹೋಗಿ ಕೈ ಮುಗಿದೆ. "ತಾಯೇ, ನಿನ್ನ ಕೋಳಿ ನಿನಗೆ ಸಿಗುವ ಹಾಗೆ ಮಾಡು" ಎಂದೆ. ಬಾಯಿ ಹಾಗೆ ಹೇಳಿತು. ಮನಸ್ಸು ಅದೇ ಉಸಿರಿನಲ್ಲಿ ಬೇರೆಯೇ ಹೇಳುತ್ತಿತ್ತು: ಎಲ್ಲಿಯಾದರೂ ದೂರ ಹೋಗಿದ್ದರೆ ಹೋಗಲಿ, ಬದುಕಿಕೊಳ್ಳಲಿ, ಕರುವಿಗೂ ಏನೂ ಆಗದಿರಲಿ. ಒಂದೇ ಹೆಂಗಸು ಒಂದೇ ಹೊತ್ತಿನಲ್ಲಿ ಎರಡು ವಿರುದ್ಧ ಅರ್ಜಿ ಕೊಟ್ಟರೆ ದೈವವಾದರೂ ಏನು ಮಾಡಬೇಕು? ಸಣ್ಣದನ್ನು ಮಾತ್ರ ಕೇಳುವವಳು ಎಂಬ ನನ್ನ ಹೆಮ್ಮೆ ಅಲ್ಲಿಗೆ ಮುಗಿಯಿತು. ಹೊಸ ಹರಕೆಯೊಂದನ್ನು ಹೇಳಲು ಕೈ ಎತ್ತುವಷ್ಟರಲ್ಲಿ ಹಿಂದಿನಿಂದ ಇವರು ಬಂದು, "ಸಾಕು ಮಾರಾಯ್ತಿ, ಇದು ತೀರ್ಲಿ ಮೊದಲು. ಕೈ ಇಳಿಸು" ಎಂದರು.

ಸಂಜೆ ದೀಪ ಹಚ್ಚುವ ಮೊದಲೇ ರಸ್ತೆಯಲ್ಲಿ ಜಾಲ್ಸೂರಿನ ಕಡೆಯಿಂದ ಬಂದ ಬಸ್ಸು ನಿಂತ ಶಬ್ದ ಕೇಳಿತು. ಐದು ನಿಮಿಷದಲ್ಲಿ ಐಸಮ್ಮ ಬೇಲಿ ದಾಟಿ ಬಂದರು. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ. ಕಂಕುಳಲ್ಲಿ ಗುರಿಕಾರ.

"ಬೈಬೇಡಿ ಅಕ್ಕಾ. ಬೆಳಗ್ಗೆ ನಮ್ಮ ಭಾವ ಬಂದ್ರು. ಅವರು ಅಂಗಳದಲ್ಲಿ ಇದನ್ನು ಕಂಡು, ಒಳ್ಳೆ ಕೋಳಿ ಉಂಟಲ್ಲ, ತುಪ್ಪದನ್ನಕ್ಕೆ ಆದೀತು ಅಂತ ಕತ್ತಿ ಕೇಳಿದ್ರು. ಇದು ದೈವದ್ದು ಅಂತ ಅವರಿಗೆ ಹೇಗೆ ಗೊತ್ತು? ನಾನು ಹಿಡಿದು ಕಟ್ಟಿಗೆ ಕೊಟ್ಟಿಗೆಯಲ್ಲಿ ಕುಕ್ಕೆ ಮುಚ್ಚಿ, ಮೇಲೆ ಕಲ್ಲಿಟ್ಟೆ. ಅಷ್ಟರಲ್ಲಿ ಅವರು ಜಾಲ್ಸೂರಿಗೆ ಹೋಗುವ, ಜೀಪು ಹತ್ತು ಅಂತ ಕರ್ಕೊಂಡೇ ಹೋದ್ರು. ಫೋನು ಇಲ್ಲೇ ಬಾಕಿ. ಅಲ್ಲಿ ಊಟಕ್ಕೆ ಕೂತ್ರೆ ಒಂದು ತುತ್ತು ಇಳಿದ್ರೆ ಕೇಳಿ. ನಿಮ್ಮ ಹರಕೆ ನನ್ನ ಕುಕ್ಕೆಯ ಅಡಿ ಉಂಟಲ್ಲ ಅಂತ."

ಅತ್ತೆ ಎದ್ದು, ತಮ್ಮ ಎಲೆಯಡಿಕೆ ತಟ್ಟೆಯನ್ನು ಐಸಮ್ಮನ ಮುಂದೆ ಇಟ್ಟರು. ಅದನ್ನು ಅವರು ಸುಲಭದಲ್ಲಿ ಯಾರ ಮುಂದೆಯೂ ಇಡುವವರಲ್ಲ. ಜಯಂತ ನನ್ನ ಮುಖವನ್ನೇ ನೋಡುತ್ತಾ, "ಕಳ್ಳನಿಗೆ ಒಂದು ಲೋಟ ಚಾ ಸಿಗ್ಬಹುದಾ ಅತ್ತಿಗೆ?" ಎಂದ. ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ.

ಮರುದಿನ ಸಾಯಂಕಾಲ ಅಗೆಲು. ಅದಕ್ಕೆ ಮೊದಲು ಆಗಬೇಕಾದ್ದು ಆಗುವ ಹೊತ್ತಿಗೆ ನಾನು ಅಡುಗೆಮನೆಯ ಬಾಗಿಲು ಹಾಕಿ, ಏನೂ ಕೇಳಿಸದ ಹಾಗೆ ಮಿಕ್ಸಿ ಓಡಿಸಿದೆ. ಮಸಾಲೆ ಎಷ್ಟು ನುಣ್ಣಗಾಯಿತೆಂದರೆ ಅತ್ತೆಯೇ ಆಶ್ಚರ್ಯಪಟ್ಟರು. ಕಣ್ಣೀರು ಒರೆಸಿಕೊಂಡೆ. ಈರುಳ್ಳಿ ಎಂದೆ. ನಾನು ಮಾತ್ರ ಇವತ್ತು ಆ ಪದಾರ್ಥ ಮುಟ್ಟುವುದಿಲ್ಲ, ಅನ್ನಕ್ಕೆ ಸಾರು ಸಾಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಕಲ್ಲುರ್ಟಿಯ ಮುಂದೆ ಎಲೆ ಹಾಕಿ ಬಡಿಸಿದರು. ಅತ್ತೆ ನನ್ನನ್ನು ಮುಂದೆ ಕರೆದು, "ಹೇಳಿದವಳು ನೀನು, ನೀನೇ ಒಪ್ಪಿಸು" ಎಂದರು. ಹೇಳಿದ್ದನ್ನು ಕೊಟ್ಟಿದ್ದೇನೆ ತಾಯೇ ಎಂದೆ. ಎದೆಯಿಂದ ಏಳು ತಿಂಗಳ ಭಾರ ಇಳಿದದ್ದಂತೂ ನಿಜ. ಹಟ್ಟಿಯಲ್ಲಿ ಕರು ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದುವುದು ಅಲ್ಲಿಗೂ ಕೇಳುತ್ತಿತ್ತು.

ಊಟಕ್ಕೆ ಕೂತೆವು. ಪ್ರಸಾದ, ಬೇಡ ಎನ್ನಬಾರದು ಎಂದು ಅತ್ತೆ ನನ್ನ ಎಲೆಗೆ ಒಂದೇ ಒಂದು ತುಂಡು ಹಾಕಿದರು. ದೈವಕ್ಕೆ ಮರ್ಯಾದೆ ಕೊಡಬೇಕಲ್ಲ ಎಂದು ಚೂರು ಮುರಿದು ಬಾಯಿಗಿಟ್ಟೆ. ನುಚ್ಚು ತಿಂದ ಮೈ. ರೊಟ್ಟಿ ಅದರ ರಸ ಹೀರಿ ಮೆತ್ತಗಾಗಿತ್ತು. ಇನ್ನೊಂದು ರೊಟ್ಟಿ ಮುರಿದೆ. ತುಂಡು ಯಾವಾಗ ಮುಗಿಯಿತು ಎಂದು ನನಗೆ ಗೊತ್ತಾಗಲಿಲ್ಲ.

ಬಡಿಸುತ್ತಿದ್ದ ಜಯಂತನಿಗೆ ಗೊತ್ತಾಯಿತು. ಸೌಟು ಹಿಡಿದು ನನ್ನ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅತ್ತಿಗೆಗೆ ಇನ್ನೊಂದು ತುಂಡು ಹಾಕ್ತೇನೆ, ಪಾಪ, ತುಂಬಾ ದುಃಖದಲ್ಲಿದ್ದಾರೆ" ಎಂದ.

ಬೇಡ ಎನ್ನಲು ಬಾಯಿ ತೆರೆದೆ. ಬಾಯಿ ತುಂಬಿತ್ತು. ಎಡಗೈ ಆಗಲೇ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿತ್ತು.