ಗುಂಡಿ ಅಂಗಡಿಯ ಮೇಲ್‌ಗಳು ಎಲ್ಲಿ ಹೋದವು?

ಮೊದಲ ಸಲ ಕಂಡಾಗಲೇ ನನ್ನ ಹೆಂಡತಿಯನ್ನು ಕಣ್ಣಲ್ಲೇ ಅಳೆದಿದ್ದೆ: ಮಾತು ಮಿತ, ನಗು ಅಪ್ಪಟ, ಬಣ್ಣ ಬಿಡುವ ಸರಕಲ್ಲ. ಕೊರತೆ ಒಂದೇ, ನನ್ನ ಬುದ್ಧಿವಂತಿಕೆಗೆ ಬೆರಗಾಗುವ ಗುಣವಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ತುಂಬಿಕೊಡಲು ಹೆಣಗುತ್ತಿದ್ದೇನೆ.

ನಮ್ಮದು ಅಂಗಿ, ಕೋಟುಗಳ ಗುಂಡಿ ಮಾರುವ ಅಂಗಡಿ. ಮುಂದೆ ಗಲ್ಲಾ ಬಳಿ ಅವಳು, ಹಿಂದೆ ಗೋದಾಮಿನಲ್ಲಿ ನಾನು. ಗಿರಾಕಿಗಳ ಮುಂದೆ ಕೂಗಿ ಕರೆಯುವುದು ಅವಳಿಗಾಗದು. ಏನೇ ಇದ್ದರೂ ಅಂಗಡಿಯ ವಿಳಾಸದಿಂದ ನನಗೊಂದು ಸಾಲು ಮೇಲ್ ಹಾಕುತ್ತಾಳೆ. ಅಂಗಡಿಗೆ ಬರುವ ಮೇಲ್‌ಗಳನ್ನೂ ಅವಳೇ ನೋಡುತ್ತಿದ್ದಳು. ಹಡಗಿನ ಕಂಪನಿಯೊಂದು ತನ್ನ ಕ್ಯಾಪ್ಟನ್‌ಗಳ ಕೋಟಿಗೆ ನಾಲ್ಕು ಸಾವಿರ ಹಿತ್ತಾಳೆ ಗುಂಡಿಗಳ ದರ ವಿಚಾರಿಸಿದ ದಿನ, ದರ ಕಳಿಸಿದವನೇ ಘೋಷಿಸಿಬಿಟ್ಟೆ:

"ಇನ್ಮೇಲೆ ಅಂಗಡಿ ಮೇಲ್ ಎಲ್ಲ ನೇರ ನನ್ನ ಫೋನಿಗೇ ಬರುತ್ತೆ! ದೊಡ್ಡ ವ್ಯವಹಾರ, ಯಜಮಾನನ ಕೈಯಲ್ಲಿರಬೇಕು."

"ಅಂಗಡಿಯ ಮೇಲ್ ಪೆಟ್ಟಿಗೇಲೂ ಒಂದು ಪ್ರತಿ ಉಳಿಸ್ತೀರಿ ತಾನೇ?"

"ಯಾಕೆ? ಒಂದು ಕೋಟಿಗೆ ಎರಡು ಸಾಲು ಗುಂಡಿ ಹಾಕ್ತಾರಾ?"

"ಕ್ಯಾಪ್ಟನ್ ಕೋಟಿಗೆ ಹಾಕ್ತಾರೆ ಕಣ್ರೀ."

ನನಗೆ ಕೇಳಿಸಲಿಲ್ಲ. ಕೇಳಿಸಬಾರದೆಂದು ತೀರ್ಮಾನಿಸಿದ್ದೆ.

ಮೇಲ್‌ಗಳು ಬಂದವು. ಜೊತೆಗೆ ಬೋಳುತಲೆಗೆ ಎಣ್ಣೆ, ಹತ್ತು ದಿನದಲ್ಲಿ ಸೊಂಟ ಕರಗಿಸುವ ಪಟ್ಟಿ, ವಾರಸುದಾರರಿಲ್ಲದ ರಾಜಕುಮಾರರ ಆಸ್ತಿ! ಒಂದೊಂದಕ್ಕೂ 'ಸ್ಪ್ಯಾಮ್' ಎಂದು ಒತ್ತಿ ಗಡೀಪಾರು ಶಿಕ್ಷೆ ಕೊಟ್ಟೆ. ಮಧ್ಯಾಹ್ನದ ಬಿಸಿಲು ಮೇಲಿನ ಗಾಜಿನಿಂದ ಇಳಿದು ಹಿತ್ತಾಳೆ ಮಾದರಿಗಳ ಮೇಲೆ ಕೂರುತ್ತಿತ್ತು. ಮೂಟೆಗೊರಗಿದರೆ ಗೋದಾಮೇ ಹಡಗಿನಂತೆ ಮೆಲ್ಲಗೆ ತೂಗುತ್ತಾ ಬಂದರು ಬಿಟ್ಟು ಹೊರಡುತ್ತಿತ್ತು. ನೀಲಿ ನೀರು, ಬಿಳಿ ಹಕ್ಕಿ, ದೂರದಲ್ಲೊಬ್ಬ ಕ್ಯಾಪ್ಟನ್ ನನ್ನ ಗುಂಡಿ ಹಾಕಿಕೊಳ್ಳುತ್ತಾ ನನಗೇ ಸಲಾಮು ಹೊಡೆಯುತ್ತಿದ್ದ. ಅರೆನಿದ್ದೆಯಲ್ಲೂ ಹೆಬ್ಬೆರಳು ಸ್ಪ್ಯಾಮ್ ಒತ್ತುತ್ತಲೇ ಇತ್ತು.

ಮೂರು ವಾರ ಕಳೆಯಿತು. "ಹಡಗಿನವರು ಉತ್ತರ ಕೊಟ್ರಾ?" ಎಂದಳು ಹೆಂಡತಿ.

"ಸಮುದ್ರ ದೊಡ್ಡದಮ್ಮ, ನಿಧಾನಕ್ಕೆ ಬರುತ್ತೆ."

ಅವಳು ನನ್ನ ಫೋನನ್ನೊಮ್ಮೆ ನೋಡಿ ಗಲ್ಲಾ ಕಡೆ ನಡೆದಳು.

ಶುಕ್ರವಾರ ಬೆಳಿಗ್ಗೆ ಹಡಗಿನ ಕಂಪನಿಯ ಗುಮಾಸ್ತರೇ ಫೋನ್ ಮಾಡಿದರು. "ನಾವು ಮೇಲ್ ಮಾಡಿ ವಾರ ಆಯ್ತು. ಹನ್ನೆರಡರೊಳಗೆ ಅದಕ್ಕೆ ಒಪ್ಪಿಗೆ ಬರದಿದ್ರೆ ಬೇರೆ ಅಂಗಡಿ ನೋಡ್ತೀವಿ."

ಗಡಿಯಾರದಲ್ಲಿ ಹನ್ನೊಂದೂಕಾಲು! ನಮಗೆ ಮೇಲ್ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಫೋನ್ ಮಾಡಿ ಗುಡುಗಿದೆ. ಅಲ್ಲಿನ ಮೇಡಂ ಸಾವಧಾನವಾಗಿ ಹುಡುಕಿದರು.

"ಸಾರ್, ನಿಮ್ಮ ಅಂಗಡಿ ಮೇಲೆ ಯಾರೋ ದಿನಾ ದೂರು ಕೊಡ್ತಿದ್ದಾರೆ. ಇಲ್ಲೀವರೆಗೆ ಆರುನೂರು."

"ಯಾವನವನು? ವಿಳಾಸ ಹೇಳಿ, ನೋಡ್ಕೋತೀನಿ!"

ಮೇಡಂ ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಅದು ನನ್ನದೇ ವಿಳಾಸ!

"ಕಸ ಬೇರೆಯವರದ್ದೇ ಸಾರ್. ಆದ್ರೆ ಅದನ್ನ ನಿಮ್ಮ ಫೋನಿಗೆ ದಾಟಿಸಿದ್ದು ನಿಮ್ಮ ಸರ್ವರ್. ನೀವು ಸ್ಪ್ಯಾಮ್ ಅಂದಾಗಲೆಲ್ಲ ದೂರು ಅದರ ಮೇಲೇ ಬೀಳುತ್ತೆ. ಈಗ ಅಂಗಡಿಯಿಂದ ಏನೇ ಬಂದ್ರೂ ನಿಮ್ಮ ಮೇಲ್ ಪೆಟ್ಟಿಗೆ ಕಸ ಅಂತಲೇ ತಿಳ್ಕೊಂಡು ಸ್ಪ್ಯಾಮ್ ಕಡತಕ್ಕೆ ತಳ್ಳುತ್ತೆ."

ನನ್ನ ಗುಡುಗು ಕೇಳಿ ಒಳಬಂದಿದ್ದ ಹೆಂಡತಿ ಕೈ ಚಾಚಿದಳು. ಫೋನ್ ಕೊಟ್ಟೆ. ಸ್ಪ್ಯಾಮ್ ಕಡತ ತೆರೆದು, ರಾಜಕುಮಾರರನ್ನೂ ಎಣ್ಣೆ ಸೀಸೆಗಳನ್ನೂ ಸರಿಸಿ, ಹಡಗಿನವರ ಮೇಲ್ ಹೆಕ್ಕಿದಳು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಒಪ್ಪಿಗೆ ಕಳಿಸಿ, ತಲುಪಿತೇ ಎಂದು ಗುಮಾಸ್ತರನ್ನು ಕೇಳಿಯೂ ಬಿಟ್ಟಳು.

"ನೋಡಿದ್ಯಾ, ವ್ಯವಹಾರ ಕುದುರಿಸಿದೆ!" ಎಂದು ಎದೆಯುಬ್ಬಿಸಿದೆ. ಅವಳು ಫೋನನ್ನು ನನ್ನತ್ತ ತಿರುಗಿಸಿದಳು. ಅದೇ ಕಸದ ರಾಶಿಯಲ್ಲಿ, ಅಂಗಡಿಯ ವಿಳಾಸದಿಂದ ಒಂದೊಂದೇ ಸಾಲಿನ ಮೇಲ್‌ಗಳು.

"ಗಿರಾಕಿ ಇಲ್ಲ. ಬಿಸಿಲು ಚೆನ್ನಾಗಿದೆ. ಹೊಳೆ ತನಕ ನಡೆದು ಬರೋಣ್ವಾ?"

"ಮಲಗಿದ್ದೀರಾ?"

"ನಿಮ್ಮ ಹಡಗಿನಲ್ಲಿ ನನಗೂ ಜಾಗ ಇದೆಯಾ ಕೇಳಿ."

"ಇವತ್ತು ಹೊಳೆಗೆ ಒಬ್ಬಳೇ ಹೋಗಿಬಂದೆ."

"ಓದಿಯೂ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ" ಎಂದಳು, ಮೆತ್ತಗೆ.

ನಾಲ್ಕು ಸಾವಿರ ಗುಂಡಿಗಳು ಮುಂದಿನ ತಿಂಗಳು ಹಡಗು ಹತ್ತುತ್ತವೆ. ಅಂಗಡಿಯ ಮೇಲ್ ಮತ್ತೆ ಅವಳ ಕೈಗೇ ಹೋಗಿದೆ. ಕಸದಲ್ಲಿದ್ದ ಅವಳ ಮೇಲ್‌ಗಳನ್ನು ಎಣಿಸಿ ನೋಡಿದೆ: ಅವಳಿಗೆ ನಾನು ಹದಿನೇಳು ಉತ್ತರ ಬರೆಯುವುದು ಬಾಕಿ ಇದೆ.