ದೋರನಹಳ್ಳಿಯ ಎಮ್ಮೆ ಈಯುವ ಮೊದಲು ಕಡತಗಳನ್ನು ಅಡಕಗೊಳಿಸುವ ಬಗ್ಗೆ

ಸಂಖ್ಯೆ: ಜಾದ/ಅಡಕ/ಎಮ್ಮೆ-1/412/2025-26
ಯಾದಗಿರಿ, ದಿನಾಂಕ: 17-11-2025

ಸುತ್ತೋಲೆ

ವಿಷಯ: ಜಾನುವಾರು ದಾಖಲೆಯ ಗಣಕ ಕಡತಗಳ ಗಾತ್ರ ನಿಗದಿಪಡಿಸುವ, ಚಿಲ್ಲರೆ ಕಡತಗಳನ್ನು ಒಂದುಗೂಡಿಸಿ ಅಡಕಗೊಳಿಸುವ ಹಾಗೂ ಅಲ್ಲಿಯವರೆಗೆ ಒಂದು ಎಮ್ಮೆಯನ್ನು ಯಥಾಸ್ಥಿತಿಯಲ್ಲಿ ಕಾಯ್ದಿರಿಸುವ ಕುರಿತು.

ಉಲ್ಲೇಖ:
1. ‘ಒಂದು ಬದಲಾವಣೆಗೆ ಒಂದು ಕಡತ’ ಎಂಬ ಈ ಕಚೇರಿಯ ಸುತ್ತೋಲೆ.
2. ಸದರಿ ಸುತ್ತೋಲೆಯನ್ನು ಹಿಂಪಡೆದ ಸುತ್ತೋಲೆ (ಸಿಕ್ಕಿಲ್ಲ).
3. ದೋರನಹಳ್ಳಿಯ ಶ್ರೀಮತಿ ಲಾಲಮ್ಮ ಇವರ ಮೌಖಿಕ ಅರ್ಜಿ (ಒಂಬತ್ತು ಸಲ).

ಪ್ರಸ್ತಾವನೆ: ಜಿಲ್ಲೆಯ ದನ, ಎಮ್ಮೆ, ಆಡುಗಳ ದಾಖಲೆಯನ್ನು ಯಾದಗಿರಿ, ಶಹಾಪುರ, ಸುರಪುರ ಈ ಮೂರು ಕಡೆಯ ಗಣಕಯಂತ್ರಗಳಲ್ಲಿ ಒಂದೇ ರೀತಿ ಇಡಲಾಗುತ್ತಿದೆ. ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಅದನ್ನು ಸತ್ಯವೆಂದು ಪರಿಗಣಿಸಲಾಗುತ್ತದೆ. ಹಳೆಯ ನಮೂದನ್ನು ಹೊಡೆದುಹಾಕಿದರೆ ವಿವರಣೆ ಕೊಡಬೇಕಾಗುವುದರಿಂದ ನಮ್ಮ ಸಿಬ್ಬಂದಿ ಯಾವುದನ್ನೂ ಹೊಡೆದುಹಾಕದೆ, ಪ್ರತಿ ಬದಲಾವಣೆಗೂ ಹೊಸ ಕಡತ ತೆರೆಯುತ್ತ ಬಂದಿದ್ದಾರೆ. ಹೀಗಾಗಿ ಲಾಲಮ್ಮನವರ ಒಂದು ಎಮ್ಮೆಗೆ 412 ಕಡತಗಳಾಗಿವೆ.

ಸದರಿ ಎಮ್ಮೆಯು ದಿನಾಂಕ 6ರಂದು ಪರರ ಜೋಳದ ಹೊಲ ಹೊಕ್ಕಿದ್ದರಿಂದ ಅದನ್ನು ದೋರನಹಳ್ಳಿಯ ಕೊಂಡವಾಡದಲ್ಲಿ ಕೂಡಿಹಾಕಲಾಗಿದೆ. ಕಿವಿಯ ಬಿಲ್ಲೆಯ ಪ್ರಕಾರ ಒಡತಿ ಯಾರೆಂದು ಗಣಕಯಂತ್ರವು ಹೇಳಿದ ನಂತರವೇ ಬಿಡತಕ್ಕದ್ದು. ಎಮ್ಮೆಯು ತುಂಬು ಗಬ್ಬವಾಗಿದೆ. ಆದ್ದರಿಂದ ಈ ಮೂಲಕ ಎಲ್ಲರಿಗೂ ಸೂಚಿಸುವುದೇನೆಂದರೆ:

1. ಯಾವುದೇ ಕಡತವು 64 ಎಂ.ಬಿ.ಗಿಂತ ಸಣ್ಣದಾಗಲಿ, 256 ಎಂ.ಬಿ.ಗಿಂತ ದೊಡ್ಡದಾಗಲಿ ಇರತಕ್ಕದ್ದಲ್ಲ. ಎಂ.ಬಿ. ಎಂಬುದು ತೂಕವಲ್ಲ. ತಕ್ಕಡಿ ಖರೀದಿಸಲು ಕೋರಿ ಶಹಾಪುರದಿಂದ ಬಂದ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.

2. ಕಡತ ತೀರ ಸಣ್ಣದಾದರೆ ಒಂದು ಎಮ್ಮೆ ಹುಡುಕಲು ನಾನೂರು ಕಡತ ತೆರೆಯಬೇಕಾಗುತ್ತದೆ. ಹಾಗೆಂದು ಇಡೀ ತಾಲೂಕನ್ನು ಒಂದೇ ಕಡತ ಮಾಡಕೂಡದು. ಸುರಪುರದಲ್ಲಿ ಹಾಗೆ ಮಾಡಿದ ಪರಿಣಾಮ, ಒಂದು ಆಡಿನ ಬಣ್ಣ ತಿದ್ದಲು ಇಡೀ ತಾಲೂಕನ್ನು ಮತ್ತೆ ಬರೆಯುವ ಕಾರ್ಯವು ಸೋಮವಾರ ಆರಂಭವಾಗಿ ಗುರುವಾರದವರೆಗೆ ನಡೆದಿದೆ. ಅಷ್ಟರಲ್ಲಿ ಆಡು ತೀರಿಕೊಂಡಿದೆ.

3. ಮೂರೂ ಕಚೇರಿಗಳು ಏಕಕಾಲಕ್ಕೆ ಅಡಕ ಕಾರ್ಯ ಕೈಗೊಳ್ಳತಕ್ಕದ್ದಲ್ಲ. ಸದ್ಯ ಮೂರೂ ಕಡೆ ಊಟದ ನಂತರವೇ ಇದನ್ನು ಕೈಗೊಳ್ಳಲಾಗುತ್ತಿದ್ದು, ಅಡಕ ನಡೆಯುವಾಗ ಗಣಕಯಂತ್ರ ಉತ್ತರ ಕೊಡದ ಕಾರಣ ಎರಡರಿಂದ ಐದರವರೆಗೆ ಜಿಲ್ಲೆಯಲ್ಲಿ ಯಾವ ಎಮ್ಮೆಯೂ ಯಾರದ್ದೂ ಅಲ್ಲವಾಗಿದೆ.

4. ಅಡಕಗೊಳಿಸುವಾಗ ಹೊಸ ನಮೂದು ಉಳಿಸಿಕೊಂಡು ಹಳೆಯದನ್ನು ಕೈಬಿಡತಕ್ಕದ್ದು. ಶಹಾಪುರದ ನಿರ್ವಾಹಕ ಶ್ರೀ ಹಂಪಣ್ಣ ಇವರು ಹಳೆಯದನ್ನು ಉಳಿಸಿ, ಹೊಸ 411ನ್ನು ಅಳಿಸಿದ್ದಾರೆ. ಕಾರಣ ಕೇಳಲಾಗಿ, “ಮೊದಲಿಂದು ಹಿಂದಿನ ದೊಡ್ಡ ಸಾಹೇಬ್ರು ತಮ್ಮ ಕೈಯಾರ ಹಾಕಿದ್ದು ಅದರಿ. ಹಿರ್ಯಾರು ಬರದಿದ್ದು ನಾ ಹ್ಯಾಂಗ ಅಳಸ್ಲಿ?” ಎಂದು ಉತ್ತರಿಸಿದ್ದಾರೆ. ಪರಿಣಾಮವಾಗಿ ಶಹಾಪುರದ ಪ್ರಕಾರ ಸದರಿ ಎಮ್ಮೆಯು ಇನ್ನೂ ಆರು ತಿಂಗಳ ಕರುವಾಗಿದ್ದು, ಬೇರೊಬ್ಬರ ಕೊಟ್ಟಿಗೆಯಲ್ಲಿದೆ. ಯಾದಗಿರಿಯ ಪ್ರಕಾರ ಗಬ್ಬದ ಎಮ್ಮೆ, ಒಡತಿ ಲಾಲಮ್ಮ. ಸುರಪುರದ ನಿರ್ವಾಹಕಿ ಶ್ರೀಮತಿ ಉಮೆಸಲ್ಮಾ ಇವರ ಗಣಕಯಂತ್ರವು ‘ಅಡಕ ನಡೆದಿದೆ, ಕಾಯಿರಿ’ ಎನ್ನುತ್ತಿದೆ. ಎರಡು ಉತ್ತರ ಕೂಡದೆ ಇರುವುದರಿಂದ ಸತ್ಯ ಇನ್ನೂ ಸಿದ್ಧವಾಗಿಲ್ಲ.

5. ಅರ್ಜಿದಾರರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಎಮ್ಮಿ ಕಣ್ಣ ಮುಂದ ನಿಂತದ್ರಿ. ಮೂರು ಊರಿಗೆ ಯಾಕ ಕೇಳ್ತೀರಿ? ನಾ ಕರೀತೀನಿ, ತಿರುಗಿ ನೋಡ್ತದೋ ಇಲ್ಲೋ ನೋಡ್ರಿ. ಇಲ್ಲಿ ಬಯಲಾಗ ಈದ್ರ ಕರಾ ನಾಯಿ ಪಾಲಾಗ್ತದ. ನಿಮ್ಮ ಕೈ ಮುಗೀತೀನಿ, ಬಿಡ್ರಿ.” ಇದನ್ನು ಓದಿ ಕೆಳಸಹಿದಾರರಿಗೆ ನಾಚಿಕೆಯಾಗಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲದ ಕಾರಣ ಅರ್ಜಿಯನ್ನು ಬಾಕಿ ಇರಿಸಲಾಗಿದೆ.

6. ಅಡಕ ಕಾರ್ಯವು ಪೂರ್ಣಗೊಳ್ಳುವವರೆಗೆ ಎಮ್ಮೆಯು ಈಯುವುದನ್ನು ಮುಂದೂಡತಕ್ಕದ್ದು. ಈ ಸೂಚನೆಯನ್ನು ಎಮ್ಮೆಗೆ ಓದಿ ಹೇಳಲಾಗಿದ್ದು, ಎಮ್ಮೆಯ ಮೇಲೆ ಮಳೆ ಸುರಿದಂತಾಗಿದೆ. ಇದರಲ್ಲಿ ಎಮ್ಮೆಯ ಮಾನಹಾನಿಯ ಉದ್ದೇಶವಿರುವುದಿಲ್ಲ. ಕೊಂಡವಾಡದ ಕಾವಲುಗಾರ ಶ್ರೀ ಅಂಬ್ರಪ್ಪ ಇವರು “ಕೆಚ್ಚಲ ಬಿಗದದ್ರಿ ಸಾಹೇಬ್ರ. ಇದು ನಿಮ್ಮ ಸುರಪುರಕ್ಕ ಕಾಯಂಗಿಲ್ಲ” ಎಂದು ದೂರವಾಣಿಯಲ್ಲಿ ಅಶಿಸ್ತಿನಿಂದ ತಿಳಿಸಿದ್ದಾರೆ.

7. (ಸುತ್ತೋಲೆಯು ಸಹಿಗಾಗಿ ಕಾಯುತ್ತಿದ್ದಾಗ ಸೇರಿಸಿದ್ದು.) ದಿನಾಂಕ 15ರ ಸಂಜೆ ನಾಲ್ಕಕ್ಕೆ ಸದರಿ ಅಂಬ್ರಪ್ಪ ಇವರು ಯಾವುದೇ ಆದೇಶವಿಲ್ಲದೆ ಕೊಂಡವಾಡದ ಬಾಗಿಲು ತೆರೆದಿದ್ದಾರೆ. ಎಮ್ಮೆಯು ಮೂರು ಕಚೇರಿಗಳಲ್ಲಿ ಒಂದನ್ನೂ ವಿಚಾರಿಸದೆ, ಒಂದು ಕಡತವನ್ನೂ ತೆರೆಯದೆ, ಹನ್ನೊಂದು ನಿಮಿಷದಲ್ಲಿ ಲಾಲಮ್ಮನವರ ಕೊಟ್ಟಿಗೆ ತಲುಪಿದೆ. ಈ ವೇಗವು ನಿಯಮಬಾಹಿರವಾಗಿದ್ದು, ಇತರ ಎಮ್ಮೆಗಳು ಇದನ್ನು ಪೂರ್ವನಿದರ್ಶನವಾಗಿ ಬಳಸತಕ್ಕದ್ದಲ್ಲ.

8. ಅದೇ ದಿನ ಆರೂವರೆಗೆ ಎಮ್ಮೆ ಈದಿದೆ. ತಾಯಿ, ಕರು ಕ್ಷೇಮ. ಶಹಾಪುರದ ದಾಖಲೆ ಪ್ರಕಾರ ಆರು ತಿಂಗಳ ಕರುವೊಂದು ಕರು ಹಾಕಿದಂತಾಗಿದ್ದು, ವಿಚಾರಣೆಗೆ ಆದೇಶಿಸಲಾಗಿದೆ. ಹೊಸ ಕರುವಿಗೆ ಪ್ರತ್ಯೇಕ ಕಡತ ತೆರೆಯುವ ಉತ್ಸಾಹವನ್ನು ಯಾರೂ ತೋರತಕ್ಕದ್ದಲ್ಲ.

(ಸಹಿ/-)
ಪಂಪಣ್ಣ
ಪ್ರಭಾರ ಮೇಲ್ವಿಚಾರಕರು, ಜಾನುವಾರು ದತ್ತಾಂಶ ವಿಭಾಗ

ಪ್ರತಿಗಳು:
1. ನಿರ್ವಾಹಕರು, ಯಾದಗಿರಿ: ಮಾಹಿತಿಗಾಗಿ.
2. ನಿರ್ವಾಹಕರು, ಶಹಾಪುರ: ಹಿರಿಯರ ಮೇಲಿನ ಗೌರವವನ್ನು ಕಚೇರಿ ವೇಳೆಯ ನಂತರ ಪಾಲಿಸಲು.
3. ನಿರ್ವಾಹಕರು, ಸುರಪುರ: ಅಡಕ ಮುಗಿದಾಗ ಓದಿಕೊಳ್ಳಲು.
4. ಶ್ರೀ ಅಂಬ್ರಪ್ಪ, ಕಾವಲುಗಾರರು: ಮೂರು ದಿನದೊಳಗೆ ಸಮಜಾಯಿಷಿ ನೀಡಲು. (ಕೊಂಡವಾಡದಲ್ಲಿ ಸಿಕ್ಕಿರುವುದಿಲ್ಲ. ಲಾಲಮ್ಮನವರ ಮನೆಯಲ್ಲಿ ಗಿಣ್ಣ ತಿನ್ನುತ್ತಿರುವುದಾಗಿ ವರದಿಯಾಗಿದೆ.)
5. ಶ್ರೀಮತಿ ಲಾಲಮ್ಮ, ದೋರನಹಳ್ಳಿ: ಅವರು ಈ ಕಚೇರಿಗೆ ಕಳಿಸಿದ ಒಂದು ಡಬ್ಬಿ ಗಿಣ್ಣ ತಲುಪಿದೆ. ಅದನ್ನು ಮೂರು ಕಡೆ ಪ್ರತಿ ಮಾಡಿ ಇಡಲು ಬಾರದ ಕಾರಣ ಯಾದಗಿರಿಯಲ್ಲಿಯೇ, ಒಂದೇ ಸಲಕ್ಕೆ, ಕೆಳಸಹಿದಾರರಿಂದ ಅಡಕಗೊಳಿಸಲಾಗಿದೆ.